ಚೆಕಾಫ್‌ನ ತಂಬಾಕು ಭಾಷಣ: ನಗಬೇಕಾದಲ್ಲಿ ಗಪ್‌ಚುಪ್, ಸುಮ್ಮನಿರಬೇಕಾದಲ್ಲಿ ನಗು

ರಂಗಮೂಲೆ:

ಚೆಕಾಫ್‌ನ ‘ತಂಬಾಕಿನ ಕೆಡುಕು’ ಏಕಪಾತ್ರ ನಾಟಕದ ಬಗ್ಗೆ ಸಲಹೆ ಬೇಕು. ಹೆಂಡತಿಯ ಅಪ್ಪಣೆಗೆ ತಂಬಾಕಿನ ಮೇಲೆ ಭಾಷಣ ಮಾಡಲು ಬಂದ ನ್ಯೂಖಿನ್ ಎಂಬ ಗಂಡ ತನ್ನ ಗೋಳನ್ನೇ ತೋಡಿಕೊಳ್ಳುತ್ತಾನೆ, ಓಡಿಹೋಗಿ ಹೊಲದಲ್ಲಿ ನಿಂತು ಚಂದ್ರನನ್ನು ನೋಡುವ ಆಸೆ ಹೇಳುತ್ತಾನೆ, ಮದುವೆಯ ಕೋಟನ್ನು ಕಳಚಿ ತುಳಿಯುತ್ತಾನೆ. ಪಠ್ಯ 1886ರದ್ದಲ್ಲ, 1902ರಲ್ಲಿ ಅವನೇ ತಿದ್ದಿ ಬರೆದದ್ದು. ಹೆಸರು, ಊರು ರಷ್ಯಾದವೇ ಉಳಿದಿವೆ, ಮಾತು ಮಾತ್ರ ಕನ್ನಡದ್ದು. ಮೂರು ಪ್ರದರ್ಶನ ಆಗಿದೆ. 250 ಕುರ್ಚಿಯ ಸಭಾಭವನ, ಜನ 60-70. ಅವಧಿ 31 ನಿಮಿಷ.

ಮೂರೂ ದಿನ ಪ್ರತಿಕ್ರಿಯೆ ಹೆಚ್ಚುಕಮ್ಮಿ ಒಂದೇ ಥರ, ಹಾಗಾಗಿ ‘ಈ ಊರಿನ ಜನವೇ ಹೀಗೆ’ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಮೊದಲ ಆರು ನಿಮಿಷ ಒಬ್ಬರೂ ನಗುವುದಿಲ್ಲ. 13ರ ತಮಾಷೆಗೆ ಸದ್ದೇ ಇಲ್ಲ. ಹೆಂಡತಿಯ ಮಾತು ಬಂದ ಕೂಡಲೇ ಹಿಂದಿನ ಸಾಲಿನ ಗಂಡಸರು ಗೊಳ್ ಎಂದು ನಗುತ್ತಾರೆ, ಮುಂದೆ ಕೂತ ಹೆಂಗಸರು ಅಲ್ಲಿಂದಾಚೆ ಗಂಟುಮುಖ ಹಾಕಿಕೊಂಡು ಕೂರುತ್ತಾರೆ. ಚಂದ್ರನ ಮಾತಿಗೆ ಕೆಮ್ಮು. ಕೋಟು ತುಳಿಯುವಾಗ ಸಿಳ್ಳೆ. ಕೊನೆಯ ಲ್ಯಾಟಿನ್ ಸಾಲಾದ ಮೇಲೆ ನಾಟಕ ಮುಗಿಯಿತೋ ಇಲ್ಲವೋ ತಿಳಿಯದೆ ನಾಲ್ಕೈದು ಸೆಕೆಂಡು ತಡವಾಗಿ ಚಪ್ಪಾಳೆ. ಜತೆಗೆ, ‘ವೈದ್ಯ ಮಹನೀಯರು ವಿಶೇಷವಾಗಿ ಗಮನಿಸಬೇಕು’ ಎಂದಾಗ ಯಾರೋ ಒಬ್ಬರು ‘ಹೇಳಿ ಸಾರ್’ ಅಂದೇಬಿಡುತ್ತಾರೆ. ಅದಕ್ಕೆ ಉತ್ತರ ಕೊಡಬೇಕೇ, ಬೇಡವೇ?

ಮುಂದಿನ ಪ್ರಯೋಗಕ್ಕೆ ಮೂರು ವಾರ ಇದೆ. ಏನನ್ನು ಬದಲಿಸಬೇಕು?

---

ಅನುವಾದದ ಗೀಳು:

ನಟನನ್ನು ಮುಟ್ಟುವ ಮೊದಲು ಪಠ್ಯ ತೆಗೆಯಿರಿ. ಮೊದಲ ಆರು ನಿಮಿಷದ ಮೌನದಲ್ಲಿ ಅರ್ಧ ಪಾಲು ಭಾಷೆಯದ್ದು.

ಬಲಗಣ್ಣಿಂದ ಶುರು ಮಾಡೋಣ. ‘ನನ್ನ ಬಲಗಣ್ಣು ಮಿಟುಕುತ್ತದೆ, ಗಮನಿಸಬೇಡಿ, ಗಾಬರಿಗೆ ಹಾಗೆ’ ಎಂದು ನ್ಯೂಖಿನ್ ಹೇಳುತ್ತಾನೆ. ಹೆಂಡತಿ ನಾಲ್ಕನೇ ಮಗಳು ವರ್ವಾರಾಳನ್ನು ಹೆತ್ತ ದಿನ, 1889ರ ಸೆಪ್ಟೆಂಬರ್ 13ರಂದು, ಶುರುವಾದ ಕಾಯಿಲೆ ಅದು. ಕನ್ನಡದಲ್ಲಿ ‘ಬಲಗಣ್ಣು ಅದುರುತ್ತದೆ’ ಎಂದಿರೋ, ಕೆಟ್ಟಿರಿ. ಗಂಡಸಿಗೆ ಬಲಗಣ್ಣು ಅದುರಿದರೆ ಶುಭ ಎಂದು ಕೇಳುತ್ತಲೇ ಬೆಳೆದವರು ನಾವು, ಸಭೆ ಅದನ್ನು ಶಕುನ ಎಂದುಕೊಳ್ಳುತ್ತದೆ. ಹಾಗಂತ ಕಣ್ಣನ್ನು ಎಡಕ್ಕೆ ಬದಲಿಸಿದರೆ ತಮಾಷೆ ಶಕುನದ ಮೇಲೇ ನಿಲ್ಲುತ್ತದೆ, ಅದೂ ಬೇಡ. ‘ಕಣ್ಣು ಹೊಡೆದಂಗಾಗುತ್ತೆ, ತಪ್ಪು ತಿಳೀಬೇಡಿ’ ಎಂದು ತಿರುಗಿಸಿ. ಮಾನವಂತ ಭಾಷಣಕಾರ ಸಭೆಗೆ ಕಣ್ಣು ಹೊಡೆಯುತ್ತಿದ್ದಾನೆ ಎಂಬ ಮುಜುಗರ ತಕ್ಷಣ ತಗಲುತ್ತದೆ, ಮೊದಲ ನಗು ಅಲ್ಲೇ ಸಿಗಬೇಕು.

13 ಅಶುಭ ಎಂಬುದು ನಮ್ಮವರಿಗೆ ಓದಿ ಗೊತ್ತು, ಮೈಗೆ ಗೊತ್ತಿಲ್ಲ. ಅದನ್ನು ಅಮಾವಾಸ್ಯೆ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ನಗು ಬರಬೇಕಾದದ್ದು ಮೂಢನಂಬಿಕೆಯಿಂದಲ್ಲ, ಸಂಖ್ಯೆ ಬೆನ್ನುಬಿಡದೆ ಬರುವುದರಿಂದ: ಮನೆ ನಂಬರ್ 13, ಹೆಣ್ಣುಮಕ್ಕಳು ಹುಟ್ಟಿದ್ದೆಲ್ಲ 13ನೇ ತಾರೀಖು, ಮನೆಗೆ ಕಿಟಕಿಗಳೂ 13. ಮೂರು ಕಡೆಯೂ ‘ಹದಿಮೂರು’ ವಾಕ್ಯದ ಕೊನೆಯ ಪದವಾಗಲಿ, ಸ್ವರ ಒಂದೇ ಇರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂತು ತಮಾಷೆಯ ಕತ್ತು ಹಿಸುಕುತ್ತದೆ. ‘ಹದಿಮೂರು ಕಿಟಕಿಗಳಿವೆ’ ಸತ್ತ ವಾಕ್ಯ. ‘ಕಿಟಕಿ ಎಣಿಸಿದೆ. ಹದಿಮೂರು.’ ಇದಕ್ಕೆ ಜೀವವಿದೆ. ಬೀದಿಯ ಹೆಸರನ್ನೂ ಹಾಗೇ ಬಿಡಬೇಡಿ, ರಷ್ಯನ್ನಿನಲ್ಲಿ ಅದು ‘ಐದು ನಾಯಿಗಳ ಓಣಿ’.

ದಾಹದ ಸನ್ನೆ ಏನು ಮಾಡಿದ್ದೀರಿ? ಮೂಲದಲ್ಲಿ ‘ಹೆಂಡತಿ ಇಲ್ಲದಾಗ ಇದೂ ಸಿಗುತ್ತೆ’ ಎಂದು ಕತ್ತಿನ ಮೇಲೆ ಬೆರಳು ಚಿಮ್ಮಿಸುತ್ತಾನೆ. ರಷ್ಯಾದಲ್ಲಿ ಅದು ಕುಡಿತದ ಗುರುತು. ಇಲ್ಲಿ ಜನ ‘ಕತ್ತು ಕುಯ್ತಾರೆ’ ಎಂದು ಓದಿಕೊಳ್ಳುತ್ತಾರೆ. ನಾಲ್ಕು ಬೆರಳು ಮಡಚಿ, ಹೆಬ್ಬೆರಳು ಬಾಯಿ ಕಡೆ ಎತ್ತಿದರೆ ಮುಗಿಯಿತು, ಬೀದರಿನಿಂದ ಚಾಮರಾಜನಗರದವರೆಗೆ ವಿವರಣೆ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಪದ ‘ಬೆರ್ಚಪ್ಪ’, ಅಂದರೆ ಹೊಲದ ಬೆದರುಬೊಂಬೆ. ಹೆಂಡತಿ ಸಿಟ್ಟು ಬಂದಾಗ ಕರೆಯುವ ಬೈಗುಳ ಅದು. ಮಿಕ್ಕ ದೋಸೆಗಳನ್ನೆಲ್ಲ ‘ನೀನೇ ತಿನ್ನು ಬೆರ್ಚಪ್ಪಾ’ ಎಂದು ಅವನಿಗೆ ತಿನ್ನಿಸುತ್ತಾಳೆ. ಕೊನೆಯಲ್ಲಿ ಅವನು ಬಯಸುವುದೇನು? ದೂರದ ಹೊಲದಲ್ಲಿ ಮರವಾಗಿ, ಕಂಬವಾಗಿ, ಬೆರ್ಚಪ್ಪನಾಗಿ ನಿಂತು ರಾತ್ರಿಯಿಡೀ ಚಂದ್ರನನ್ನು ನೋಡುವುದು. ರಷ್ಯನ್ನಿನಲ್ಲಿ ಬೈಗುಳಕ್ಕೆ ಒಂದು ಪದ, ಹೊಲದ ಬೊಂಬೆಗೆ ಬೇರೆ ಪದ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಒದಗುತ್ತದೆ, ಇದು ನಮಗೆ ಸಿಕ್ಕ ಬೋನಸ್ಸು. ಬೆದರುಬೊಂಬೆ ಅನ್ನುವ ಕಡೆ ಬೆದರುಬೊಂಬೆ ಇಟ್ಟುಕೊಳ್ಳಿ, ಆದರೆ ಎಲ್ಲ ಕಡೆ ಒಂದೇ ಇರಲಿ. ಬಹಳ ಅನುವಾದಗಳಲ್ಲಿ ಮೊದಲು ‘ಮಂಗ’, ‘ಪೆದ್ದ’, ಆಮೇಲೆ ‘ಬೆದರುಬೊಂಬೆ’ ಎಂದು ಬಂದು ದಾರ ಕಡಿದುಹೋಗಿರುತ್ತದೆ. ನಕ್ಕ ಪದವೇ ಹೊಲದಲ್ಲಿ ನಿಂತಾಗ ಸಭೆ ತಾನಾಗಿ ತಣ್ಣಗಾಗುತ್ತದೆ.

ಕೊನೆಯ ಲ್ಯಾಟಿನ್ ಸಾಲಿನ ಅರ್ಥ ‘ಹೇಳಿದೆ, ಮನಸ್ಸು ಹಗುರಾಯಿತು’ ಎಂದಷ್ಟೇ. ನಮ್ಮಲ್ಲಿ ಲ್ಯಾಟಿನ್ನಿನ ಠೇಂಕಾರ ಸಂಸ್ಕೃತಕ್ಕಿದೆ. ‘ಅಲಮತಿವಿಸ್ತರೇಣ’ ಹಾಕಿ ನೋಡಿ, ಸಂಸ್ಕೃತ ನಾಟಕದ ಸೂತ್ರಧಾರ ಶುರುವಿನಲ್ಲಿ ಹೇಳುವ ಮಾತು ಇಲ್ಲಿ ಕೊನೆಗೆ ಬರುತ್ತದೆ. ರಷ್ಯಾದವನ ಬಾಯಲ್ಲಿ ಸಂಸ್ಕೃತವೇ ಎಂದು ಕೇಳುವವರಿಗೆ, ಕನ್ನಡ ಹೇಗೆ ಬಂತೋ ಹಾಗೇ.

---

ಮೂರನೇ ಬೆಲ್:

ಈ ಪಠ್ಯ ಸಲೀಸಾಗಿ ಆಡಿದರೆ 20-22 ನಿಮಿಷ. ನಿಮ್ಮದು 31. ಒಂಬತ್ತು ನಿಮಿಷ ಎಲ್ಲಿ ಸೋರಿತು? ಪಠ್ಯ ನೋಡದೆಯೇ ಹೇಳಬಹುದು, ನಗುವಿಗೆ ಜಾಗ ಬಿಟ್ಟು ಕಾಯುತ್ತಿದ್ದಾರೆ. ಬಾರದ ನಗುವಿಗೆ ಕಾದರೆ ಸಭೆಗೆ ‘ಓ, ಇಲ್ಲಿ ನಗಬೇಕಿತ್ತಾ’ ಎಂದು ಗೊತ್ತಾಗುತ್ತದೆ, ಆಮೇಲೆ ಹಟಕ್ಕೆ ಬಿದ್ದು ನಗುವುದಿಲ್ಲ.

ಮೊದಲ ಮೂರು ನಿಮಿಷ ಒಂದು ಕಡೆಯೂ ನಿಲ್ಲದೆ ಓಡಿಸಿ. ನ್ಯೂಖಿನ್‌ಗೆ ತಾನು ತಮಾಷೆಯವನು ಎಂದು ಗೊತ್ತಿಲ್ಲ, ಅವನಿಗೆ ಭಾಷಣ ಮುಗಿಸಿ ಮನೆಗೆ ಹೋದರೆ ಸಾಕಾಗಿದೆ. ನಗು ಬಂದರೆ ಅದು ಏರಿ, ಇಳಿಯಲು ಶುರುವಾಗಿ, ಮೂರರಲ್ಲಿ ಒಂದು ಪಾಲು ಉಳಿದಿರುವಾಗ ಮುಂದಿನ ವಾಕ್ಯ ಎತ್ತಿ. ಪೂರ್ತಿ ಆರಲು ಬಿಟ್ಟರೆ ಮತ್ತೆ ಸೊನ್ನೆಯಿಂದ ಹೊತ್ತಿಸಬೇಕು. ನಗುವಿನ ನಡುವೆ ಕೈ, ಕಾಗದ, ಗ್ಲಾಸು ಯಾವುದೂ ಅಲುಗಬಾರದು. ಕಣ್ಣು ಚಲನೆಯ ಹಿಂದೆ ಹೋದರೆ ನಗು ನಡುವೆಯೇ ಕತ್ತರಿಸುತ್ತದೆ.

ಈಗ ಹೆಂಡತಿ ವಿಷಯ. ನಿಮ್ಮ ನಿಜವಾದ ಸಮಸ್ಯೆ ಇದೇ. ನಗೆಹಬ್ಬಗಳಲ್ಲಿ ಹೆಂಡತಿ ಜೋಕು ಕೇಳಿ ಕೇಳಿ ನಮ್ಮ ಸಭೆಗಳಿಗೆ ಒಂದು ಗುಂಡಿ ಇದೆ, ಒತ್ತಿದರೆ ಗಂಡಸರು ನಗುತ್ತಾರೆ. ಆ ನಗು ಒಮ್ಮೆ ಬಂತೆಂದರೆ ಕರಾಳ ಹಾಸ್ಯ ಮುಗಿದ ಹಾಗೆ, ಏಕೆಂದರೆ ಸಭೆ ಅವನ ಜತೆ ಸೇರಿ ಅವಳನ್ನು ನೋಡಿ ನಗುತ್ತಿದೆ. ನಾಟಕಕ್ಕೆ ಬೇಕಾದದ್ದು ಅವನ ಹೆದರಿಕೆಯನ್ನು ನೋಡಿ ಬರುವ ನಗು.

33 ವರ್ಷದ ಸಾಲನ್ನು ನೋಡಿ. ಅವಳ ಜತೆ ಬಾಳಿದ 33 ವರ್ಷ ನನ್ನ ಬದುಕಿನ ಅತ್ಯುತ್ತಮ ಕಾಲ ಎನ್ನುತ್ತಾನೆ. ಅತ್ಯುತ್ತಮ ಅಂತಲ್ಲ, ಒಟ್ಟಾರೆಯಾಗಿ ಎಂದು ತಿದ್ದುತ್ತಾನೆ. ಒಂದು ಸುಖದ ಕ್ಷಣದಂತೆ ಕಳೆದುಹೋಯಿತು ಎನ್ನುತ್ತಾನೆ. ಕೊನೆಗೆ, ನಿಜ ಹೇಳಬೇಕೆಂದರೆ ಹಾಳಾಗಿ ಹೋಗಲಿ ಅತ್ಲಾಗೆ. ‘ಹಾಳಾಗಿ ಹೋಗಲಿ’ಯನ್ನು ಸಭೆಯ ಮುಖಕ್ಕೆ ಎಸೆದರೆ ಅದು ಜೋಕು. ಸಭೆ ಬಿಟ್ಟು, ಕೈಯಲ್ಲಿರುವ ಕಾಗದಕ್ಕೆ, ಸ್ವರ ಅರ್ಧಕ್ಕೆ ಇಳಿಸಿ ಹೇಳಲಿ. ಹೇಳಿ ಮುಗಿದ ಕೂಡಲೇ ಕತ್ತು ಪಕ್ಕದ ಪರದೆ ಕಡೆ ತಿರುಗಲಿ: ಬಂದಿದ್ದಾಳಾ? ಇಲ್ಲ, ಇನ್ನೂ ಬಂದಿಲ್ಲ. ನಗು ಮಾತಿಗಲ್ಲ, ಆ ಕತ್ತು ತಿರುಗಿದ್ದಕ್ಕೆ ಬರಬೇಕು. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ನಗುತ್ತಾರೆ. ಇಡೀ ನಾಟಕದಲ್ಲಿ ಈ ಪರದೆ ನೋಟ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ, ಯಾವಾಗಲೂ ಒಂದೇ ಕಡೆಗೆ.

ಏಳು ಹೆಣ್ಣುಮಕ್ಕಳ ಲೆಕ್ಕ ತಪ್ಪುವ ಜಾಗದಲ್ಲಿ (ಏಳು, ಅಲ್ಲ ಆರು, ಅಲ್ಲ ಏಳೇ) ನಗು ಕಡಿಮೆ ಬಂದರೆ ಬರಲಿ ಬಿಡಿ. ಮದುವೆಗೆ ಕಾದಿರುವ ಹೆಣ್ಣುಮಕ್ಕಳು ಎಂದರೆ ನಮ್ಮ ಸಭೆ ಸ್ವಲ್ಪ ಬಿಗಿಯಾಗುತ್ತದೆ, ಆ ಬಿಗಿ ಒಳ್ಳೆಯದೇ.

ಕುಡಿದಂತೆ ಆಡಿಸುತ್ತಿದ್ದೀರಾ? ಸಿಳ್ಳೆಗೆ ಅದೂ ಕಾರಣ ಇರಬಹುದು. ಒಂದೇ ಗುಟುಕಿಗೆ ಅಮಲೇರುತ್ತದೆ, ಮನಸ್ಸಿಗೆ ಹಾಯೆನಿಸುತ್ತದೆ, ಜತೆಗೇ ಹೇಳಲಾರದಷ್ಟು ದುಃಖವಾಗುತ್ತದೆ ಎಂದು ಅವನು ಹೇಳುತ್ತಾನೆ, ಅಷ್ಟೇ. ತೂರಾಡಿದರೆ ಚಂದ್ರನ ಮಾತು ಕುಡುಕನ ಬಡಬಡಿಕೆಯಾಗುತ್ತದೆ, ಕೆಮ್ಮು ಗ್ಯಾರಂಟಿ.

ಇನ್ನು ಕೋಟು. ಮದುವೆಗೆ ಹೊಲಿಸಿದ್ದು, 30 ವರ್ಷ ಹಳೆಯದು, ಬಿಗಿಯಾಗೇ ಕಾಣಬೇಕು. ಆದರೆ ನಿಜವಾಗಿ ಬಿಗಿ ಇದ್ದರೆ ತೋಳು ಮೊಣಕೈಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಸರ್ಕಸ್ಸು. ಕಂಕುಳಿನ ಒಳಹೊಲಿಗೆ ಎರಡೂ ಕಡೆ ನಾಲ್ಕು ಇಂಚು ಬಿಚ್ಚಿಸಿ, ತೋಳಿನ ಒಳಗೆ ಜಾರುವ ಸ್ಯಾಟಿನ್ ಲೈನಿಂಗ್ ಹಾಕಿಸಿ, ಕೆಳಗಿನ ಗುಂಡಿಗಳನ್ನು ಚಂದ್ರನ ಮಾತಿನ ಮೊದಲೇ ಬಿಚ್ಚಿರಲಿ. ಎರಡು ಸೆಕೆಂಡಲ್ಲಿ ಕಳಚಬೇಕು. ತುಳಿಯುವುದು ಎರಡೇ ಸಲ. ಮೂರನೆಯದಕ್ಕೆ ಲಯ ಹುಟ್ಟುತ್ತದೆ, ಲಯ ಹುಟ್ಟಿದರೆ ಸಿಳ್ಳೆ ಹುಟ್ಟುತ್ತದೆ. ಮರದ ವೇದಿಕೆ ಡೊಳ್ಳಿನ ಹಾಗೆ ಸದ್ದು ಮಾಡುತ್ತಿದ್ದರೆ ಆ ಜಾಗದಲ್ಲಿ ನೆಲಹಾಸಿನ ಕೆಳಗೆ 6 ಮಿ.ಮೀ. ರಬ್ಬರ್ ಹಾಳೆ ಹಾಕಿ. ಆಮೇಲೆ ಬೆನ್ನು ತಿರುಗಿಸಿ ವೇಸ್ಟ್‌ಕೋಟಿನ ಹಿಂಭಾಗ ತೋರಿಸುತ್ತಾನಲ್ಲ, ಎದುರಿಗೆ ನೆಟ್ಟಗಿದ್ದದ್ದು ಹಿಂದೆ ಸವೆದು ಚಿಂದಿಯಾಗಿರುತ್ತದೆ, ಆ ಬೆನ್ನನ್ನು ಮೂರು ಸೆಕೆಂಡು ಪೂರ್ತಿ ನಿಲ್ಲಿಸಿ. ಇಡೀ ನಾಟಕದಲ್ಲಿ ಕಾಯಬೇಕಾದ ಜಾಗ ಇದೊಂದೇ.

ಮುಕ್ತಾಯದ ಗೊಂದಲಕ್ಕೆ ಮದ್ದು ಪಠ್ಯದಲ್ಲೇ ಇದೆ. ಶುರುವಿನಲ್ಲಿ ಗತ್ತಿನಿಂದ ಬಂದು, ನಮಸ್ಕರಿಸಿ, ವೇಸ್ಟ್‌ಕೋಟು ಸರಿಮಾಡಿಕೊಳ್ಳುತ್ತಾನೆ. ಕೊನೆಯಲ್ಲಿ ನಮಸ್ಕರಿಸಿ ಅದೇ ಗತ್ತಿನಿಂದ ಹೋಗುತ್ತಾನೆ. ಬರುವಾಗ ಒಂಬತ್ತು ಹೆಜ್ಜೆ ಆದರೆ ಹೋಗುವಾಗಲೂ ಒಂಬತ್ತೇ, ವೇಗವೂ ಅದೇ. ನಾಲ್ಕನೇ ಹೆಜ್ಜೆಗೆ ಸಭೆಗೆ ಗೊತ್ತಾಗುತ್ತದೆ.

---

ಡಿಮ್ಮರ್ ಚಾನೆಲ್ 7:

ಪಠ್ಯ, ಅಭಿನಯ ಎರಡೂ ಸರಿಯಾದರೂ 250 ಕುರ್ಚಿಯಲ್ಲಿ 65 ಜನ ಚೆಲ್ಲಾಪಿಲ್ಲಿ ಕೂತರೆ ನಗು ಬರುವುದಿಲ್ಲ. ನಗುವುದಕ್ಕೆ ಪಕ್ಕದಲ್ಲೊಂದು ಭುಜ ಬೇಕು. ಮುಂದಿನ ಆರು ಸಾಲಿನ ನಡುಭಾಗ ಬಿಟ್ಟು ಉಳಿದದ್ದಕ್ಕೆ ಹಗ್ಗ ಕಟ್ಟಿ, ಪ್ಲಾಸ್ಟಿಕ್ ಕುರ್ಚಿಯಾದರೆ ಎತ್ತಿಯೇ ಇಡಿ. ಮೊದಲ ಸಾಲನ್ನು ‘ಗಣ್ಯರಿಗೆ’ ಎಂದು ಖಾಲಿ ಬಿಡುವ ಪದ್ಧತಿ ಏಕವ್ಯಕ್ತಿ ನಾಟಕಕ್ಕೆ ವಿಷ.

ಗಣ್ಯರು ಎಂದಾಗ ನೆನಪಾಯಿತು. ನಾಟಕದ ಮೊದಲು ಸ್ವಾಗತ, ಹಾರ, ಎರಡು ಭಾಷಣ ಇತ್ತೇ? ಹಾಗಿದ್ದರೆ ಮೊದಲ ಆರು ನಿಮಿಷದ ಮೌನಕ್ಕೆ ಬೇರೆ ಕಾರಣ ಹುಡುಕಬೇಡಿ. ಭಾಷಣ ಕೇಳಿ ಸುಸ್ತಾದವರ ಎದುರು ಇನ್ನೊಬ್ಬ ಪೋಡಿಯಂ ಹತ್ತಿರ ಬಂದು ‘ಮಾನ್ಯರೇ, ಮಹಿಳೆಯರೇ’ ಎಂದರೆ ಅರ್ಧ ಜನ ಇದೂ ಕಾರ್ಯಕ್ರಮದ ಭಾಗ ಎಂದು ಫೋನ್ ತೆಗೆಯುತ್ತಾರೆ. ಭಾಷಣಗಳನ್ನು ನಾಟಕದ ನಂತರಕ್ಕೆ ತಳ್ಳಿ. ಅದು ಸಾಧ್ಯವಿಲ್ಲದಿದ್ದರೆ ನಡುವೆ ಐದು ನಿಮಿಷ ಬಿಟ್ಟು, ಪೋಡಿಯಂ ಬದಲಾಯಿಸಿ. ಮೈಕಿಗೆ ಟಕ್ ಟಕ್ ಬಡಿಯುವ ಹಳೆಯ ತಮಾಷೆ ಮಾತ್ರ ದಯವಿಟ್ಟು ಬೇಡ.

ಒಂದು ಅನುಕೂಲವೂ ಇದೆ. 2012ರಿಂದ ತಂಬಾಕು ಬಳಕೆ ತೋರಿಸುವ ಸಿನಿಮಾಗಳ ಮೊದಲೂ ಮಧ್ಯಂತರದಲ್ಲೂ ತಂಬಾಕು ವಿರೋಧಿ ಸಂದೇಶ ಕಡ್ಡಾಯ. ಆ ಗಂಭೀರ ಧಾಟಿ ಎಲ್ಲರ ಕಿವಿಯಲ್ಲಿದೆ. ನಟ ಮೊದಲ ಎರಡು ವಾಕ್ಯವನ್ನು ಅದೇ ಧಾಟಿಯಲ್ಲಿ ಶುರು ಮಾಡಿದರೆ ಗುರುತು ಸಿಗುತ್ತದೆ. ಎರಡೇ ವಾಕ್ಯ, ಹೆಚ್ಚಿಗೆ ಎಳೆದರೆ ಅಣಕವಾಗುತ್ತದೆ. ಸಭೆಯಲ್ಲಿ ಮನೆಯವರ ಬಾಯಿ ಕ್ಯಾನ್ಸರ್ ನೋಡಿದವರು ಇದ್ದೇ ಇರುತ್ತಾರೆ, ಕಾಯಿಲೆಯನ್ನು ನಗೆಪಾಟಲು ಮಾಡಿದ ಹಾಗೆ ಕಾಣಬಾರದು.

ಬೆಳಕು: ಸಭೆಯೇ ಇಲ್ಲಿ ಒಂದು ಪಾತ್ರ, ಕ್ಲಬ್ಬಿನ ಶ್ರೋತೃಗಳು. ಹಾಗಾಗಿ ಶುರುವಿಗೆ ಸಭಾಂಗಣ ಪೂರ್ತಿ ಕತ್ತಲಾಗಬಾರದು, ಪಕ್ಕದವರ ಮುಖ ಮಸುಕಾಗಿ ಕಾಣಬೇಕು. ನಿಮ್ಮಲ್ಲಿ ಟ್ಯೂಬ್‌ಲೈಟ್ ಇದ್ದರೆ ಅದು ಡಿಮ್ ಆಗುವುದಿಲ್ಲ, ಕಟ್ ಎಂದು ಆರುತ್ತದೆ. ಎರಡು 500 ವಾಟ್ ಹ್ಯಾಲೊಜೆನ್‌ಗಳನ್ನು ಪಕ್ಕದ ಗೋಡೆಗಳಿಗೆ ತಿರುಗಿಸಿ ಡಿಮ್ಮರ್‌ಗೆ ಹಾಕಿ. ಶುರುವಿಗೆ 20 ಶೇಕಡ. ‘ಒಂದು ಗುಟುಕು’ ಮಾತಿನಿಂದ ಚಂದ್ರನವರೆಗೆ ಸುಮಾರು 90 ಸೆಕೆಂಡಲ್ಲಿ ಸೊನ್ನೆಗೆ ತನ್ನಿ. ಬೆಳಕಿನಲ್ಲಿ ಅಳು ಬಂದರೆ ಜನ ನಾಚಿ ಕೆಮ್ಮುತ್ತಾರೆ, ಕತ್ತಲಲ್ಲಿ ಕೆಮ್ಮು ಕಡಿಮೆ. ಅವನು ಕೋಟು ಮತ್ತೆ ತೊಟ್ಟು ಹೆಂಡತಿಯನ್ನು ಕಂಡು ದನಿ ಎತ್ತಿದಾಗ 20ಕ್ಕೆ ವಾಪಸ್, ಒಂದೇ ಸೆಕೆಂಡಲ್ಲಿ. ಸಭೆ ಸಿಕ್ಕಿಬಿದ್ದ ಹಾಗೆ ಆಗುತ್ತದೆ.

ಬಲಗಣ್ಣು ಕಾಣಬೇಕಾದರೆ ಮುಖ್ಯ ಬೆಳಕು ನಟನ ಬಲಗಡೆಯಿಂದ, 40 ಡಿಗ್ರಿ ಎತ್ತರಕ್ಕಿಂತ ಮೇಲೆ ಬೇಡ. ಹೆಚ್ಚಾದರೆ ಹುಬ್ಬಿನ ನೆರಳಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಎಂಟನೇ ಸಾಲಿನಾಚೆಗೆ ರೆಪ್ಪೆ ಕಾಣುವುದೇ ಇಲ್ಲ, ಕೆನ್ನೆಯೂ ಸೇರಿ ಅದುರಬೇಕು. ಕನ್ನಡಕ ಹಾಕಿಸಿದ್ದರೆ ಗಾಜು ತೆಗೆಸಿ.

ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೆ ಇಳಿಸಿದ ಸ್ವರ ಮೂರನೇ ಸಾಲು ದಾಟುವುದಿಲ್ಲ. ಚಂದ್ರನ ಮೊದಲೇ ಎರಡಕ್ಕೆ ಇಳಿಸಲು ಒಬ್ಬರನ್ನು ರೆಗ್ಯುಲೇಟರ್ ಹತ್ತಿರ ನಿಲ್ಲಿಸಿ. ತಡವಾಗಿ ಬಂದವರನ್ನು ರಂಗಶಂಕರದಲ್ಲಿ ಒಳಗೇ ಬಿಡುವುದಿಲ್ಲ, ಉಳಿದ ಕಡೆ ಆ ಶಿಸ್ತು ಕಷ್ಟ. ದೋಸೆ ಪ್ರಸಂಗದ ನಗುವಿನಲ್ಲಿ ಒಮ್ಮೆ ಬಿಡಿ, ಆಮೇಲೆ ಬಾಗಿಲು ಹಾಕಿ.

---

ಧಾರ್ವಾಡ ಕಟ್ಟಿ:

ಎಲ್ಲಾ ಖರೇ ಅದ, ಆದ್ರ ಸಿಳ್ಳಿ ಬಗ್ಗೆ ನನ್ನ ತಕರಾರು ಅದ. ಕಂಪನಿ ನಾಟಕ ನೋಡಿ ಬೆಳದ ಮಂದಿ ನಾವು. ಮಾಸ್ಟರ್ ಹಿರಣ್ಣಯ್ಯನವರು ಮಂದಿ ಜೋಡಿ ಮಾತಾಡ್ಕೋತನ ನಾಟಕ ನಡಸ್ತಿದ್ರು. ಸಿಳ್ಳಿ ಅಂದ್ರ ಅಪಮಾನ ಅಲ್ರೀ, ಅವ ಗೆದ್ದ ಅಂತ ಮಂದಿ ಖುಷಿ ಆಗೇದ. ಮೊದಲನೇ ತುಳಿತಕ್ಕ ಸಿಳ್ಳಿ ಬರ್ಲಿ ಬಿಡ್ರಿ. ನಾಟಕದ ಪೆಟ್ಟು ಇರೂದು ಎಲ್ಲಿ? ಅವ ಗೆದ್ದಿಲ್ಲ, ಮುಂದಿನ ನಿಮಿಷಕ್ಕ ಅದೇ ಕೋಟು ಗಡಬಡಿಸಿ ತೊಡ್ತಾನಲ್ಲ, ಅಲ್ಲಿ. ಸಿಳ್ಳಿ ಹೊಡದವನ ಬಾಯಿ ಮುಚ್ಚಬೇಕು. ಮೂರನೇ ಬೆಲ್ ಅವರು ಬೆನ್ನಿಗೆ ಮೂರು ಸೆಕೆಂಡು ಕೊಟ್ಟಾರ. ನಾ ಅಂತೀನಿ, ಕೋಟು ತೊಡೂ ಮುಂದ ಒಂದು ತೋಳು ಹಾಕಿ ಇನ್ನೊಂದು ಸಿಗದ ಪರದಾಡ್ಲಿ, ಅದಕ್ಕ ಐದು ಸೆಕೆಂಡು ಕೊಡ್ರಿ. ಬಿಚ್ಚೂ ಮುಂದ ಸಲೀಸು, ತೊಡೂ ಮುಂದ ತ್ರಾಸು. ಅಲ್ಲಿ ಯಾರೂ ನಗೂದಿಲ್ಲ, ನಕ್ಕರೂ ಆ ನಗಿ ಬ್ಯಾರೆ.

ಮಂದಿ ಉತ್ತರ ಕೊಟ್ರ ಏನ್ ಮಾಡಬೇಕು ಅಂದ್ರಲ್ಲ. ಅವ ಭಾಷಣಕಾರ, ಕಿವುಡ ಅಲ್ಲ. ಕೇಳಿಸ್ಲೇ ಇಲ್ಲ ಅನ್ನೂವಂಗ ಮಾಡಿದ್ರ ನಟ ಹೆದರ್ಯಾನ ಅಂತ ಗೊತ್ತಾಗ್ತದ. ಮೂರು ಉತ್ತರ ಮೊದಲ ತಯಾರ ಇಟ್ಕೋರಿ, ಒಂದೊಂದು ಐದು ಶಬ್ದ ಮೀರಬಾರದು. ‘ಹೇಳಿ ಸಾರ್’ ಅಂದ್ರ ‘ಬರ್ಕೋತೀರೇನು? ಛಲೋ’ ಅಂದು ಮುಂದ ಹೋಗೂದು. ಯಾರರ ಕೆಮ್ಮಿದ್ರ ‘ನೋಡ್ರಿ, ಇದನ್ನ ಹೇಳಾಕ ಬಂದದ್ದು’. ಮೊಬೈಲ್ ಹೊಡಕೊಂಡ್ರ ಮಾತs ಬ್ಯಾಡ, ಗಾಬರಿಯಿಂದ ಪರದೆ ಕಡೆ ನೋಡಿದ್ರ ಸಾಕು. ಒಂದು ಪ್ರಯೋಗಕ್ಕ ಎರಡಕಿಂತ ಹೆಚ್ಚು ಬ್ಯಾಡ, ‘ಒಂದು ಗುಟುಕು’ ಆದ ಮ್ಯಾಲೆ ಒಂದೂ ಬ್ಯಾಡ. ಕರೆಂಟ ಹೋದ್ರೂ ಅವ ಚಂದ್ರನ್ನ ಬಿಡಬಾರದು.

ಇನ್ನೊಂದು ಮಾತು. ನ್ಯೂಖಿನ್ ಅನ್ನೂ ಹೆಸರು ರಷ್ಯನ್ನಿನ್ಯಾಗ ‘ಮೂಸು’ ಅನ್ನೂ ಕ್ರಿಯಾಪದದಿಂದ ಹುಟ್ಟೇದ. ನಶ್ಯದ ಡಬ್ಬಿಯೊಳಗ ನೊಣ ಹಾಕಿದ್ರ ಅದು ಸಾಯ್ತದ, ಬಹುಶಃ ನರದೌರ್ಬಲ್ಯದಿಂದ, ಅಂತಾನಲ್ಲ, ಆ ಮಾತಿಗೆ ಕೈಯಾಗ ಖರೇ ನಶ್ಯದ ಡಬ್ಬಿ ಕೊಡ್ರಿ. ನಶ್ಯ ಏರ್ಸೂ ಅಜ್ಜಾರನ್ನ ನೋಡದವರು ನಮ್ಮ ಕಡೆ ಇಲ್ಲ. ಡಬ್ಬಿ ಖಾಲಿ ಇರ್ಲಿ ಮತ್ತ, ಖರೇ ನಶ್ಯ ಹಾರಿದ್ರ ಮೊದಲ ಸಾಲು ಪೂರಾ ಸೀನ್ತದ.

---

ರಂಗಮೂಲೆ:

ಭಾಷಣ ಇತ್ತು. ಎರಡಲ್ಲ, ಮೂರು. ಪೋಡಿಯಂ ಕೂಡ ಅದೇ. ಅಲ್ಲಿಂದಲೇ ಶುರು ಮಾಡುತ್ತೇವೆ. ಬೈಗುಳ ನಮ್ಮಲ್ಲಿ ‘ಮಂಗ’ ಅಂತಲೇ ಇದೆ, ಬೆರ್ಚಪ್ಪ ಆಗುತ್ತದೆ. ಕೋಟಿನ ವಿಷಯದಲ್ಲಿ ಎರಡು ಅಭಿಪ್ರಾಯ ಇರುವುದರಿಂದ ಎರಡನ್ನೂ ಆಡಿ ಹೋಲಿಸಬೇಕು. ಪ್ರತಿಕ್ರಿಯೆ ರೆಕಾರ್ಡ್ ಮಾಡಲು ಫೋನ್ ಸಾಕೇ? ಹಿಂದೆ ಮಾಡಿದ್ದರಲ್ಲಿ ನಗುವೂ ಮೌನವೂ ಒಂದೇ ಮಟ್ಟದಲ್ಲಿ ಕೇಳಿಸುತ್ತದೆ.

---

ಡಿಮ್ಮರ್ ಚಾನೆಲ್ 7:

ಫೋನ್ ಸಾಕು, ಆದರೆ ಧ್ವನಿಮಟ್ಟ ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿರಬೇಕು. ಅದು ಚಾಲೂ ಇದ್ದರೆ ಮೌನದಲ್ಲಿ ಫ್ಯಾನಿನ ಸದ್ದನ್ನು ಎತ್ತಿ, ನಗುವನ್ನು ತಗ್ಗಿಸಿಬಿಡುತ್ತದೆ. ನಾಲ್ಕನೇ ಸಾಲಿನ ಒಂದು ತುದಿಯಲ್ಲಿ, ವೇದಿಕೆಗೆ ಬೆನ್ನು ಮಾಡಿ ಸಭೆಯ ಕಡೆಗೆ ಇಡಿ. ಬೆಳಕು ನಿಯಂತ್ರಿಸುವ ಡೆಸ್ಕ್ ಹತ್ತಿರ ಇಟ್ಟರೆ ಆಪರೇಟರ್ ಮಾತೇ ಕೇಳಿಸುತ್ತದೆ. ಆಮೇಲೆ ಪಠ್ಯದ ಅಂಚಿನಲ್ಲಿ ಸಾಲುಸಾಲಾಗಿ ಗುರುತು ಹಾಕಿ: ನಗು ಎಷ್ಟು ಸೆಕೆಂಡು, ಪದ ಮುಗಿಯುವ ಮೊದಲೇ ಬಂತೋ ಆಮೇಲೋ, ಕೆಮ್ಮು ಎಷ್ಟು. ಪದ ಮುಗಿಯುವ ಮೊದಲೇ ನಗು ಬಂದಿದ್ದರೆ ನಟ ಮುಖದಲ್ಲಿ ಮುಂಚೆಯೇ ತೋರಿಸಿಬಿಟ್ಟಿದ್ದಾನೆ. ಒಂದು ಸೆಕೆಂಡು ತಡವಾದರೆ ವಾಕ್ಯ ಉದ್ದವಾಗಿದೆ, ಅನುವಾದಕರಿಗೆ ಕಳಿಸಿ.

ಕೋಟಿನ ಎರಡು ರೀತಿಯನ್ನು ಹೋಲಿಸುವ ದಿನ ಬೇರೆ ಏನನ್ನೂ ಬದಲಿಸಬೇಡಿ. ಕುರ್ಚಿಯನ್ನೂ.